ಜೋಳ ಬೆಳೆದ ಹೊಲ, ಜೋಳ ಕೊಂಡ ಸಂತೆ: ಒಂದು ಮರಳುಗಲ್ಲಿನ ಮೂಲ ಹುಡುಕಿದ ಪ್ರಕರಣ

ಭೂವಿಜ್ಞಾನದ ಎಮ್ಮೆಸ್ಸಿ ಕೊನೆಯ ವರ್ಷದ ಒಂದು ಪ್ರಾಜೆಕ್ಟಿನ ಕಥೆ ಇದು. ನಾನು ಗೈಡ್ ಆಗಿದ್ದೆ, ಹಾಗಾಗಿ ಇಲ್ಲಿ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ವಿದ್ಯಾರ್ಥಿನಿಯ ಹೆಸರು, ಕಾಲೇಜು, ಕಲ್ಲು ತೆಗೆದ ಖಣಿ, ಪಕ್ಕದ ಹಳ್ಳಿ ಯಾವುದನ್ನೂ ಹೇಳುವುದಿಲ್ಲ. ಆಕೆಯನ್ನು ಶ. ಎಂದು ಕರೆಯುತ್ತೇನೆ. ಜಾಗ ಬಾಗಲಕೋಟೆ ಜಿಲ್ಲೆಯ ಕೆಂಪು ಮರಳುಗಲ್ಲಿನ ಸೀಮೆ ಅಂತ ಮಾತ್ರ ತಿಳಿದರೆ ಸಾಕು.

ಆ ಕಲ್ಲು ನಿಮಗೆ ಗೊತ್ತಿರುವುದೇ. ಬಾದಾಮಿಯ ಗುಹೆಗಳನ್ನು ಚಾಲುಕ್ಯರು ಕೊರೆದದ್ದು ಅದರಲ್ಲೇ. ಮೂರನೇ ಗುಹೆಯ ಶಾಸನದ ಕಾಲ 578. ನಮ್ಮವರು ಆ ಪದರಕ್ಕೆ ಇಟ್ಟಿರುವ ಹೆಸರೂ ‘ಕೇವ್ ಟೆಂಪಲ್ ಅರೆನೈಟ್’ ಅಂತಲೇ (ಅರೆನೈಟ್ ಅಂದರೆ ಒಂದು ಬಗೆಯ ಮರಳುಗಲ್ಲು). ಅದರ ಕೆಳಗೆ ಕೆಲವು ಕಡೆ ಹರಳು, ಅಂದರೆ ಉರುಳಿ ದುಂಡಾದ ಕಲ್ಲು, ತುಂಬಿದ ಕಾಂಗ್ಲೋಮರೇಟ್ ಪದರ ಸಿಗುತ್ತದೆ, ಅದಕ್ಕೆ ಕೆಂದೂರು ಊರಿನ ಹೆಸರು. ಇವೆಲ್ಲ ಬಾದಾಮಿ ಗುಂಪಿನವು. ಹೆಚ್ಚುಕಮ್ಮಿ ಮಟ್ಟಸವಾಗಿ, ಚಾಪೆ ಹಾಸಿದ ಹಾಗೆ ಮಲಗಿವೆ. ಇವುಗಳ ಕೆಳಗಿರುವುದು ಬಾಗಲಕೋಟೆ ಗುಂಪು. ಅದರ ಪದರಗಳು ಮಡಚಿ, ಓರೆಯಾಗಿ ಎದ್ದು ನಿಂತಿವೆ. ಅಂದರೆ ಹಳೆಯ ಮರಳು ಕಲ್ಲಾಗಿ, ಮಡಚಿ, ಮೇಲೆದ್ದು, ಸವೆದ ಮೇಲೆ ಹೊಸ ಮರಳು ಅದರ ಮೇಲೆ ಬಂದು ಕೂತಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾವು ಇಬ್ಬರೂ ಇದನ್ನು ಕ್ಲಾಸಿನಲ್ಲಿ ಓದಿದವರೇ, ಆದರೂ ಮೊದಲ ಮೂರು ತಿಂಗಳು ಮರೆತೇಬಿಟ್ಟಿದ್ದೆವು.

ಇನ್ನೂ ಕೆಳಗೆ, ಸುತ್ತಲೂ, ಧಾರವಾಡ ಕ್ರೇಟಾನ್ ಎಂಬ ಬಹಳ ಹಳೆಯ ಭೂಖಂಡದ ತುಂಡು: 300ರಿಂದ 340 ಕೋಟಿ ವರ್ಷ ಹಳೆಯ, ಪಟ್ಟೆ ಪಟ್ಟೆಯ ನೈಸ್ ಕಲ್ಲು, ಹುನಗುಂದದ ಕಡೆಯ ಶಿಸ್ಟ್ (ಹಾಳೆ ಹಾಳೆಯಾಗಿ ಸೀಳುವ ಕಲ್ಲು) ಪಟ್ಟಿ, ಸುಮಾರು 252 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಅಂದರೆ ಬ್ರಿಟಿಷರ ಕಾಲದ ರಾಮನಗರ. ಆ ಊರಿನ ಹೆಸರು ಹೊತ್ತ ಗ್ರಾನೈಟ್ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಓಡಿದೆ.

ಶ.ಳ ಪ್ರಶ್ನೆ ಸರಳವಾಗಿತ್ತು. ಈ ಮರಳು ಯಾವ ಕಲ್ಲು ಒಡೆದು ಬಂದದ್ದು?

ಭಾರದ ಒಂದು ಚಿಟಿಕೆ

ಮರಳುಗಲ್ಲಿನ ಮುಖ್ಯ ಖನಿಜ ಬೆಣಚು. ಬೆಣಚು ಎಲ್ಲ ಕಡೆಯೂ ಇದೆ, ಗ್ರಾನೈಟಿನಲ್ಲಿ, ನೈಸಿನಲ್ಲಿ, ಹಳೆ ಮರಳುಗಲ್ಲಿನಲ್ಲಿ. ಸುಮ್ನೆ ನೋಡಿದರೆ ಎಲ್ಲಿಯದು ಅಂತ ಹೇಳಲು ಆಗುವುದಿಲ್ಲ. ಅದಕ್ಕೇ ಭಾರ ಖನಿಜಗಳ ಮೊರೆ ಹೋಗುತ್ತೇವೆ. ಬೆಣಚಿನ ಸಾಂದ್ರತೆ 2.65. ಬ್ರೋಮೋಫಾರ್ಮ್ ಎಂಬ ದ್ರವದ್ದು 2.89. ಪುಡಿ ಮಾಡಿದ ಕಲ್ಲನ್ನು ಅದರಲ್ಲಿ ಹಾಕಿದರೆ ಬೆಣಚು, ಫೆಲ್ಡ್‌ಸ್ಪಾರ್ (ಗ್ರಾನೈಟಿನ ಇನ್ನೊಂದು ಮುಖ್ಯ ಖನಿಜ) ತೇಲುತ್ತವೆ. ಜಿರ್ಕಾನ್, ಟೂರ್ಮಲೀನ್, ರೂಟೈಲ್, ಗಾರ್ನೆಟ್, ಅಪಟೈಟ್ ಎಲ್ಲ ಮುಳುಗುತ್ತವೆ. 100 ಗ್ರಾಂ ಮರಳಿನಲ್ಲಿ ಈ ಮುಳುಗುವ ಪಾಲು ಸಾಮಾನ್ಯವಾಗಿ 1 ಗ್ರಾಂ ಕೂಡ ಇರುವುದಿಲ್ಲ. ಆದರೆ ಮಾತಾಡುವುದು ಆ ಚಿಟಿಕೆಯೇ. (ಬ್ರೋಮೋಫಾರ್ಮ್ ವಿಷ. ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ. ಅದರ ಬದಲು ಬಳಸುವ ಸೋಡಿಯಂ ಪಾಲಿಟಂಗ್‌ಸ್ಟೇಟ್ ಕೊಳ್ಳುವಷ್ಟು ದುಡ್ಡಿದ್ದರೆ ಅದನ್ನೇ ಕೊಳ್ಳಿ.)

ಶ. 11 ಮಾದರಿ ತಂದಳು. ಖಣಿಯ ಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಸಾಲಾಗಿ, ಒಂದೊಂದೂ 2 ಕೆಜಿ. ಒಡೆದಳು, ಜರಡಿ ಹಿಡಿದಳು, 63ರಿಂದ 125 ಮೈಕ್ರಾನ್ ನಡುವಿನ ಪಾಲನ್ನು ತೆಗೆದುಕೊಂಡಳು. ಕಣಗಳ ಮೇಲೆ ಕೆಂಪು ಕಬ್ಬಿಣದ ತುಕ್ಕು ಲೇಪ ಇತ್ತು. ಅದನ್ನು ಬಿಡಿಸಲು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದಳು. ಆಮೇಲೆ ಬ್ರೋಮೋಫಾರ್ಮ್, ಆಮೇಲೆ ಗಾಜಿನ ಸ್ಲೈಡು, ಆಮೇಲೆ ಮೈಕ್ರೋಸ್ಕೋಪಿನ ಮುಂದೆ ವಾರಗಟ್ಟಲೆ ಎಣಿಕೆ.

ಮೊದಲ ಕರಡಿನಲ್ಲಿ ಅವಳು ಬರೆದದ್ದು ಇಷ್ಟು: ಪಾರದರ್ಶಕ ಭಾರ ಖನಿಜಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜಿರ್ಕಾನ್, ಟೂರ್ಮಲೀನ್, ರೂಟೈಲ್. ಅಪಟೈಟ್ ಇಲ್ಲವೇ ಇಲ್ಲ. ಎರಡು ಮಾದರಿಗಳಲ್ಲಿ ಮಾತ್ರ ಗುಲಾಬಿ ಬಣ್ಣದ ಗಾರ್ನೆಟ್. ತೀರ್ಮಾನ: ಮೂಲ ಗ್ರಾನೈಟ್, ನಡುವೆ ಕೆಲವು ಕಾಲ ಗಾರ್ನೆಟ್ ಇರುವ ನೈಸ್ ಕೂಡ ಮರಳು ಕೊಟ್ಟಿದೆ.

‘ಸರ್, ಇಷ್ಟು ಬರೆದು ಕೊಟ್ಟುಬಿಡ್ಲಾ?’ ಎಂದಳು. ಚೆನ್ನಾಗಿಯೇ ಕಾಣುತ್ತಿತ್ತು. ಕಥೆ ಕೂಡುತ್ತಿತ್ತು. ನಾನು ಹೂಂ ಅಂದುಬಿಡುತ್ತಿದ್ದೆ, ನಿಜ ಹೇಳಬೇಕೆಂದರೆ. ತಡೆದದ್ದು ಆ ಗಾರ್ನೆಟ್.

ಗಾರ್ನೆಟ್ ಬಿದ್ದದ್ದು

ಗಾರ್ನೆಟ್ ಅಷ್ಟೊಂದು ಗಟ್ಟಿ ಜೀವ ಅಲ್ಲ. ಮರಳು ಹೂತು, ಆಳಕ್ಕೆ ಹೋಗಿ, ಬಿಸಿ ನೀರು ಹರಿದಾಡಿದರೆ ಅದು ಕರಗುತ್ತದೆ. ಕರಗುವಾಗ ಮೈ ಮೇಲೆ ಸಣ್ಣ ಸಣ್ಣ ಮೆಟ್ಟಿಲಿನಂಥ ಕೆತ್ತನೆ ಬೀಳುತ್ತದೆ. ಉತ್ತರ ಸಮುದ್ರದ ತೈಲ ಬಾವಿಗಳಲ್ಲಿ ಇದನ್ನು ಅಡಿ ಅಡಿಯಾಗಿ ನೋಡಿದ್ದಾರೆ. ಆಳಕ್ಕೆ ಇಳಿದ ಹಾಗೆ ಮೊದಲು ಆಂಫಿಬೋಲ್ (ಹಾರ್ನ್‌ಬ್ಲೆಂಡ್ ಈ ಜಾತಿಯದು) ಮಾಯ, ಆಮೇಲೆ ಎಪಿಡೋಟ್, ಆಮೇಲೆ ಕಯನೈಟ್, ಸ್ಟಾರೋಲೈಟ್, ಕೊನೆಗೆ ಗಾರ್ನೆಟ್. ಜಿರ್ಕಾನ್, ಟೂರ್ಮಲೀನ್, ರೂಟೈಲ್ ಮಾತ್ರ ಉಳಿಯುತ್ತವೆ.

ನಮ್ಮ ಸ್ಲೈಡಿನಲ್ಲಿ ಎಪಿಡೋಟ್ ಇಲ್ಲ, ಹಾರ್ನ್‌ಬ್ಲೆಂಡ್ ಇಲ್ಲ, ಆದರೆ ಗಾರ್ನೆಟ್ ಇದೆ. ಇರಲಿ, ಅದು ಸಾಧ್ಯ. ಆದರೆ ಈ ಗಾರ್ನೆಟ್ಟುಗಳ ಅಂಚು ಬ್ಲೇಡಿನ ಹಾಗೆ ಚೂಪು. ಮೈ ಮೇಲೆ ಒಂದು ಕೆತ್ತನೆಯೂ ಇಲ್ಲ. ಪಕ್ಕದ ಜಿರ್ಕಾನ್‌ಗಳೆಲ್ಲ ಸಾಸಿವೆ ಕಾಳಿನ ಹಾಗೆ ದುಂಡಗೆ ಸವೆದಿವೆ, ಇವು ಮಾತ್ರ ನಿನ್ನೆ ಒಡೆದ ಗಾಜಿನ ಚೂರು. ಒಂದೇ ನದಿಯಲ್ಲಿ ಬಂದವು ಹೀಗಿರಲು ಹೇಗೆ ಸಾಧ್ಯ?

ಎರಡು ದಿನ ಬಿಟ್ಟು ಶ.ಳೇ ಬಂದು ತನ್ನ ಲ್ಯಾಬ್ ಪುಸ್ತಕ ತೆರೆದು ತೋರಿಸಿದಳು. ಗಾರ್ನೆಟ್ ಸಿಕ್ಕ ಎರಡೂ ಮಾದರಿಗಳನ್ನು ಒಡೆದದ್ದು ಒಂದೇ ದಿನ. ಖಣಿಯಲ್ಲಿ ಆ ಎರಡರ ನಡುವೆ ಆರು ಮೀಟರ್ ಅಂತರ ಇದೆ, ನಡುವಿನ ಮಾದರಿಗಳಲ್ಲಿ ಗಾರ್ನೆಟ್ ಇಲ್ಲ. ಅಂದರೆ ಗಾರ್ನೆಟ್ ಪದರದ ಜೊತೆ ಹೋಗುತ್ತಿಲ್ಲ, ತಾರೀಖಿನ ಜೊತೆ ಹೋಗುತ್ತಿದೆ.

ವಿಚಾರಿಸಿದಾಗ ಗೊತ್ತಾಯಿತು. ಅದರ ಹಿಂದಿನ ದಿನ ಬೇರೆ ಒಬ್ಬ ಹುಡುಗ ಅದೇ ಜಾ ಕ್ರಷರಿನಲ್ಲಿ, ಅಂದರೆ ಕಲ್ಲು ಒಡೆಯುವ ಯಂತ್ರದಲ್ಲಿ, ಚಾಮರಾಜನಗರದ ಕಡೆಯ ಗಾರ್ನೆಟ್ ತುಂಬಿದ ಗ್ರಾನ್ಯುಲೈಟ್ ಕಲ್ಲು ಒಡೆದಿದ್ದ. ಬ್ರಷ್ ಹೊಡೆದಿದ್ದನಂತೆ. ಬ್ರಷ್ ಸಾಲದು, ಅಲ್ವಾ. ದವಡೆ ಪ್ಲೇಟಿನ ಸಂದಿಯಲ್ಲಿ ಒಂದು ಚಿಟಿಕೆ ಉಳಿದರೂ ಸಾಕು, ಏಕೆಂದರೆ ನಾವು ಎಣಿಸುವುದೇ ಒಂದು ಚಿಟಿಕೆಯನ್ನು. 2 ಕೆಜಿ ಕಲ್ಲಿನಲ್ಲಿ ಕಾಣದ ಕಸ ಭಾರದ ಪಾಲಿಗೆ ಬಂದಾಗ ಬೆಟ್ಟವಾಗುತ್ತದೆ.

ಪರೀಕ್ಷೆ ಮಾಡಲು ಶ. ಶುದ್ಧ ಬಿಳಿ ಬೆಣಚಿನ ಗಟ್ಟಿ 1 ಕೆಜಿ ಒಡೆದು, ಅದನ್ನೂ ಪೂರ್ತಿ ಅದೇ ದಾರಿಯಲ್ಲಿ ನಡೆಸಿದಳು. ಏನೂ ಮುಳುಗಬಾರದಿತ್ತು. ಗಾರ್ನೆಟ್ ಮುಳುಗಿತು. ಅಷ್ಟೇ. ಪ್ರಬಂಧದಲ್ಲಿ ಮೂರು ಪುಟ ಹೋಯಿತು.

ಆಮ್ಲದ ತಪ್ಪು, ಇದು ನನ್ನದು

ಗಾರ್ನೆಟ್ ಬಿದ್ದ ಮೇಲೆ ಉಳಿದದ್ದನ್ನೂ ಅನುಮಾನದಿಂದ ನೋಡಲು ಶುರು ಮಾಡಿದೆವು. ‘ಅಪಟೈಟ್ ಇಲ್ಲವೇ ಇಲ್ಲ’ ಎಂಬ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕೂತೆ. ಗ್ರಾನೈಟಿನಲ್ಲಿ ಅಪಟೈಟ್ ಇದ್ದೇ ಇರುತ್ತದೆ. ನೈಸಿನಲ್ಲೂ. ಮೂಲ ಗ್ರಾನೈಟ್ ಅಂದಮೇಲೆ ಅದು ಎಲ್ಲಿ ಹೋಯಿತು?

ಬಿಸಿ ಆಮ್ಲದಲ್ಲಿ ಹೋಯಿತು. ಅಪಟೈಟ್ ಕ್ಯಾಲ್ಸಿಯಂ ಫಾಸ್ಫೇಟ್, ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ತಿಂದುಬಿಡುತ್ತದೆ. ತುಕ್ಕು ತೊಳೆಯಲು ಆಮ್ಲ ಹಾಕು ಅಂತ ಹೇಳಿದ್ದು ನಾನೇ. ನಾನು ಓದುವಾಗ ನನಗೆ ಹಾಗೇ ಕಲಿಸಿದ್ದರು, ನಾನೂ ಯೋಚಿಸದೆ ದಾಟಿಸಿದೆ. ಇಲ್ಲದ್ದನ್ನು ಕಲ್ಲಿನ ಗುಣ ಅಂತ ಬರೆದಿದ್ದೆವು, ಅದು ನಮ್ಮ ಬೀಕರಿನ ಗುಣವಾಗಿತ್ತು.

ಮೂರು ಮಾದರಿಗಳನ್ನು ಮತ್ತೆ ಮೊದಲಿನಿಂದ ಮಾಡಿದೆವು. ಆಮ್ಲ ಇಲ್ಲ, ಬರೀ ನೀರು ಮತ್ತು ಅಲ್ಟ್ರಾಸಾನಿಕ್ ತೊಟ್ಟಿ. ಕಣಗಳ ಮೇಲೆ ಕೆಂಪು ಸ್ವಲ್ಪ ಉಳಿಯಿತು, ಗುರುತು ಹಿಡಿಯಲು ಕಣ್ಣಿಗೆ ಕಷ್ಟವಾಯಿತು. ಆದರೆ ಅಪಟೈಟ್ ಸಿಕ್ಕಿತು. ಜಾಸ್ತಿ ಅಲ್ಲ, ಪ್ರತಿ ಸ್ಲೈಡಿನಲ್ಲಿ ಬೆರಳೆಣಿಕೆಯಷ್ಟು, ಎಲ್ಲ ದುಂಡಗಿನವು. ‘ಇಲ್ಲವೇ ಇಲ್ಲ’ ಎಂಬುದು ‘ಅಪರೂಪ’ ಎಂದಾಯಿತು. ಹೊರಗಿನವರಿಗೆ ಇದು ಸಣ್ಣ ವ್ಯತ್ಯಾಸ. ಮೂಲ ಹುಡುಕುವವರಿಗೆ ಅಲ್ಲ. ಮಾರ್ಟನ್ ಮತ್ತು ಹಾಲ್ಸ್‌ವರ್ತ್ 1994ರಲ್ಲಿ ಕೊಟ್ಟ ಅನುಪಾತಗಳಲ್ಲಿ ಅಪಟೈಟ್ ಮತ್ತು ಟೂರ್ಮಲೀನಿನ ಜೋಡಿಯೂ ಒಂದು. ಹತ್ತಿರ ಹತ್ತಿರ ಒಂದೇ ಸಾಂದ್ರತೆಯ ಎರಡು ಖನಿಜಗಳನ್ನು ಜೋಡಿ ಮಾಡಿ ನೋಡುವುದು ಅವರ ಉಪಾಯ. ಆಗ ನದಿ ಭಾರಕ್ಕೆ ತಕ್ಕಂತೆ ವಿಂಗಡಿಸಿದ್ದರ ಗೊಂದಲ ಕಡಿಮೆಯಾಗುತ್ತದೆ. ಒಂದು ಕಡೆ ಸೊನ್ನೆ ಬಂದರೆ ಆ ಜೋಡಿಯೇ ಕೆಲಸಕ್ಕೆ ಬಾರದು.

ಉಳಿದದ್ದು ಏನು ಹೇಳುತ್ತದೆ

ಈಗ ಕೈಯಲ್ಲಿ ಇದ್ದದ್ದು ಜಿರ್ಕಾನ್, ಟೂರ್ಮಲೀನ್, ರೂಟೈಲ್, ಒಂದಿಷ್ಟು ಅಪಟೈಟ್. ಮೊದಲ ಮೂರರ ಒಟ್ಟು ಪಾಲನ್ನು ಝೆಡ್‌ಟಿಆರ್ ಸೂಚ್ಯಂಕ ಅನ್ನುತ್ತಾರೆ, 1962ರಲ್ಲಿ ಹ್ಯೂಬರ್ಟ್ ಕೊಟ್ಟದ್ದು. ಅದು ನಮ್ಮ ಕಲ್ಲಿನಲ್ಲಿ ಬಹಳ ಎತ್ತರ ಇತ್ತು. ಎತ್ತರ ಇದ್ದರೆ ಏನರ್ಥ?

ಇಲ್ಲೇ ವಿದ್ಯಾರ್ಥಿಗಳು ಎಡವುತ್ತಾರೆ. ‘ಜಿರ್ಕಾನ್ ಇದೆ, ಜಿರ್ಕಾನ್ ಗ್ರಾನೈಟಿನಲ್ಲಿರುತ್ತದೆ, ಆದ್ದರಿಂದ ಗ್ರಾನೈಟ್’ ಎಂದು ನೇರ ಗೆರೆ ಎಳೆಯುತ್ತಾರೆ. ಆದರೆ ಗ್ರಾನೈಟ್ ಒಡೆದರೆ ಜಿರ್ಕಾನ್ ಒಂದೇ ಬರುವುದಿಲ್ಲ. ಇವತ್ತು ಗ್ರಾನೈಟ್ ಗುಡ್ಡದ ಕೆಳಗಿನ ಹಳ್ಳದಲ್ಲಿ ಒಂದು ಮುಷ್ಟಿ ಮರಳು ತೊಳೆದು ನೋಡಿ. ಮ್ಯಾಗ್ನೆಟೈಟ್, ಹಾರ್ನ್‌ಬ್ಲೆಂಡ್, ಎಪಿಡೋಟ್, ಸ್ಫೀನ್ ಎಲ್ಲ ಇರುತ್ತವೆ. ಶ. ಇದನ್ನೂ ಮಾಡಿದಳು. ಕೊಪ್ಪಳದ ಕಡೆಯ ಒಂದು ಹಳ್ಳದಿಂದ ಮರಳು ತಂದು ತೊಳೆದಳು, ಸ್ಲೈಡು ತುಂಬಾ ಹಸಿರು ಕಣಗಳು. ನಮ್ಮ ಮರಳುಗಲ್ಲಿನಲ್ಲಿ ಅವು ಒಂದೂ ಇಲ್ಲ. ಹಾಗಾದರೆ ಅವು ಎಲ್ಲಿ ಸತ್ತವು?

ಎರಡು ದಾರಿ ಇವೆ. ಒಂದು, ಮರಳು ಕೂತ ಮೇಲೆ ಕಲ್ಲಾಗುವಾಗ ಒಳಗೇ ಕರಗಿದವು. ಇನ್ನೊಂದು, ಈ ಮರಳು ಇಲ್ಲಿಗೆ ಬರುವ ಮುಂಚೆಯೇ ಒಮ್ಮೆ ಮರಳುಗಲ್ಲಾಗಿತ್ತು. ಅವು ಅಲ್ಲಿಯೇ ಸತ್ತು, ಗಟ್ಟಿ ಜೀವಗಳು ಮಾತ್ರ ಎರಡನೇ ಸಲ ಹೊರಟವು. (ಹವಾಮಾನವೂ ಮೂಲದಲ್ಲೇ ಕೊಂದಿರಬಹುದು. ಅದನ್ನು ಮೊದಲ ದಾರಿಯ ಜೊತೆಗೇ ಸೇರಿಸಿಕೊಂಡೆವು.) ಎರಡರಲ್ಲೂ ಸ್ಲೈಡಿನಲ್ಲಿ ಕಾಣುವುದು ಒಂದೇ, ಜಿರ್ಕಾನ್, ಟೂರ್ಮಲೀನ್, ರೂಟೈಲ್. ಪಟ್ಟಿ ನೋಡಿ ಬೇರೆ ಮಾಡಲು ಆಗುವುದಿಲ್ಲ.

ನಾನು ಶ.ಳಿಗೆ ಆಗ ಹೇಳಿದ ಮಾತು ಸಂತೆಯ ಜೋಳದ್ದು. ಮನೆಗೆ ಬಂದ ಜೋಳ ಯಾವ ಹೊಲದ್ದು ಎನ್ನುವುದು ಒಂದು ಪ್ರಶ್ನೆ. ಯಾವ ಸಂತೆಯಲ್ಲಿ ಕೊಂಡದ್ದು ಎನ್ನುವುದು ಇನ್ನೊಂದು. ಕಾಳನ್ನು ನೋಡಿ ಹೊಲ ಹೇಳಬಹುದು. ಸಂತೆ ಹೇಳಬೇಕಾದರೆ ಚೀಲ ನೋಡಬೇಕು.

ಚೀಲ ತೋರಿಸಿದ್ದು ಖಣಿಯ ಅಜ್ಜ.

ಉಳಿ ಮೊಂಡಾಗುವ ಪದರ

ಎರಡನೇ ಸಲ ಖಣಿಗೆ ಹೋದಾಗ ಶ. ಮಟ್ಟಸ ಪದರದೊಳಗೇ ಇರುವ ಸಣ್ಣ ಓರೆ ಗೆರೆಗಳ ದಿಕ್ಕು ಅಳೆಯುತ್ತಿದ್ದಳು. ಅವು ಹಳೆ ನದಿ ಯಾವ ಕಡೆ ಹರಿಯಿತು ಎಂದು ಹೇಳುತ್ತವೆ. ಅಳೆದದ್ದು ಒಳ್ಳೆಯದೇ, ಆದರೆ ಉಪಯೋಗ ಅಷ್ಟಕ್ಕಷ್ಟೇ. ಆ ದಿಕ್ಕಿನ ಮೇಲ್ಗಡೆ ಗ್ರಾನೈಟೂ ಇತ್ತು, ಹಳೆ ಕ್ವಾರ್ಟ್ಜೈಟ್ (ಬಹಳ ಗಟ್ಟಿಯಾದ ಮರಳುಗಲ್ಲು) ಸಾಲೂ ಇತ್ತು. ಎರಡೂ ಒಂದೇ ದಾರಿಯ ಮನೆಗಳು.

ಖಣಿಯಲ್ಲಿ ಕಲ್ಲು ಸೀಳುವ ವಯಸ್ಸಾದವರೊಬ್ಬರು ಬೀಡಿ ಹಚ್ಚಿಕೊಂಡು ನೋಡುತ್ತಾ ಕೂತಿದ್ದರು. ಶ. ಅವರನ್ನು ಕೇಳಿದಳು, ‘ಅಜ್ಜಾ, ಇದರ ಕೆಳಗಿನ ಕಲ್ಲು ಯಾಕ ತಗಿಯಂಗಿಲ್ಲ?’

‘ಕೆಳಗಿನ ಪದರಿನ್ಯಾಗ ಹರಳ ಅದಾವ ಯವ್ವಾ. ಉಳಿ ಮೊಂಡ ಆಗ್ತೈತಿ. ಅದನ್ನ ಯಾರ ತಗೀತಾರ?’

ಖಣಿಯ ನೆಲ ಅಲ್ಲಿಗೇ ನಿಂತದ್ದು ಅದಕ್ಕೆ. ನಾವು ಮಾದರಿ ಶುರು ಮಾಡಿದ್ದೂ ಖಣಿಯ ನೆಲದಿಂದಲೇ, ಅಂದರೆ ಕಲ್ಲು ಕೆಲಸದವರಿಗೆ ಬೇಡವಾದ ಪದರ ನಮಗೂ ಕಾಣಿಸಿರಲಿಲ್ಲ. ಪಕ್ಕದ ಹಳ್ಳದಲ್ಲಿ ಅದು ಹೊರಗೆ ಬಿದ್ದಿತ್ತು. ಹೋಗಿ ನೋಡಿದರೆ ಮುಷ್ಟಿ ಗಾತ್ರದ, ನಿಂಬೆ ಗಾತ್ರದ ದುಂಡು ಹರಳುಗಳು. ಬಿಳಿ ಬೆಣಚು. ತಿಳಿ ಗುಲಾಬಿ ಕ್ವಾರ್ಟ್ಜೈಟ್. ಅಲ್ಲಲ್ಲಿ ರಕ್ತದ ಬಣ್ಣದ ಜಾಸ್ಪರ್, ಕೆಲವದರಲ್ಲಿ ಕಪ್ಪು ಕೆಂಪು ಪಟ್ಟೆ ಸಹ.

ಪಟ್ಟೆ ಇರುವ ಜಾಸ್ಪರ್ ಹರಳು ಎಂದರೆ ಅದಕ್ಕೆ ಸಾಕ್ಷಿ ಬೇರೆ ಬೇಡ. ಅದು ಪಟ್ಟೆ ಕಬ್ಬಿಣದ ಕಲ್ಲಿನಿಂದಲೇ ಬರಬೇಕು, ಅಂದರೆ ಶಿಸ್ಟ್ ಪಟ್ಟಿಯಿಂದ. ಮೂರು ತಿಂಗಳು ಮೈಕ್ರೋಸ್ಕೋಪಿನಲ್ಲಿ ಶಿಸ್ಟ್ ಪಟ್ಟಿಯ ಒಂದು ಗುರುತೂ ಸಿಕ್ಕಿರಲಿಲ್ಲ, ಏಕೆಂದರೆ ಅಲ್ಲಿಯ ಹಾರ್ನ್‌ಬ್ಲೆಂಡ್, ಆಕ್ಟಿನೋಲೈಟ್ ಉಳಿಯುವ ಜಾತಿಯೇ ಅಲ್ಲ. ಇಲ್ಲಿ ಆ ಗುರುತು ನಮ್ಮ ಕಾಲಡಿಯಲ್ಲೇ ಬಿದ್ದಿತ್ತು.

ಆದರೆ ತಿರುವು ತಂದದ್ದು ಗುಲಾಬಿ ಕ್ವಾರ್ಟ್ಜೈಟ್ ಹರಳುಗಳು. ಅವು ಬಾಗಲಕೋಟೆ ಗುಂಪಿನ ಹಳೆ ಮರಳುಗಲ್ಲು. ಅಂದರೆ ಆ ಹಳೆ ಕಲ್ಲು ಬಾದಾಮಿ ಕಾಲದ ನದಿಯಲ್ಲಿ ಒಡೆದು ಉರುಳಿದೆ ಎಂಬುದು ಖಚಿತ. ಹರಳು ಉರುಳಿದ್ದರೆ ಅದರ ಜೊತೆ ಅದರ ಮರಳೂ ಬಂದಿರಲೇಬೇಕು. ಎಷ್ಟು ಬಂತು ಎನ್ನುವುದೇ ಪ್ರಶ್ನೆ.

ಹರಳನ್ನು ಒಡೆದ ನಿರ್ಧಾರ

ನಮ್ಮ ಯೋಜನೆಯ ಪ್ರಕಾರ ಮುಂದಿನ ಹೆಜ್ಜೆ ಸುತ್ತಲಿನ ಗ್ರಾನೈಟ್, ನೈಸ್ ಮಾದರಿ ತಂದು ಅವುಗಳ ಜಿರ್ಕಾನ್ ನೋಡುವುದು. ಶ. ಬೇರೆ ಮಾತು ಹೇಳಿದಳು. ‘ಸರ್, ಗ್ರಾನೈಟ್ ಬೇಡ. ಈ ಹರಳುಗಳನ್ನೇ ಒಡೆದು ಅದರೊಳಗಿನ ಭಾರ ಖನಿಜ ನೋಡ್ತೀನಿ.’ ಇಡೀ ಪ್ರಾಜೆಕ್ಟಿನ ಒಳ್ಳೆಯ ನಿರ್ಧಾರ ಇದೇ, ಮತ್ತು ಇದು ಅವಳದ್ದು. ಗುಡ್ಡ ಸುತ್ತಿ ಸಂಭವನೀಯ ಮೂಲ ಹುಡುಕುವ ಬದಲು, ನದಿಯೇ ಆರಿಸಿ ತಂದು ಇಟ್ಟ ಮೂಲದ ತುಂಡನ್ನು ಪರೀಕ್ಷಿಸುವುದು.

ಕ್ರಷರ್ ಈ ಸಲ ಪೂರ್ತಿ ಬಿಚ್ಚಿ ತೊಳೆದೆವು. ಮೊದಲು ಬರಿ ಬೆಣಚು ಒಡೆದು, ಅದರಲ್ಲಿ ಏನೂ ಮುಳುಗದಿದ್ದ ಮೇಲೆ ಹರಳು.

ಹರಳಿನೊಳಗೆ ದುಂಡು ಜಿರ್ಕಾನ್, ದುಂಡು ಟೂರ್ಮಲೀನ್. ಜಿರ್ಕಾನ್‌ಗಳಲ್ಲಿ ಒಂದಷ್ಟು ತಿಳಿ ನೇರಳೆ ಬಣ್ಣದವು. ನೇರಳೆ ಜಿರ್ಕಾನ್ ಅಂದರೆ ಬಹಳ ಕಾಲ ಯುರೇನಿಯಂನ ವಿಕಿರಣ ತಿಂದದ್ದು, ಆಮೇಲೆ ಜಾಸ್ತಿ ಬಿಸಿ ಕಾಣದ್ದು. ಬಿಸಿ ಕಂಡರೆ ಬಣ್ಣ ಹೋಗುತ್ತದೆ. ಅದೇ ನೇರಳೆ, ಅದೇ ದುಂಡು, ಮೇಲಿನ ಮರಳುಗಲ್ಲಿನ ಕೆಳಭಾಗದ ಮಾದರಿಗಳಲ್ಲೂ ಇತ್ತು. ನಾವು ಅದನ್ನು ಮೊದಲೇ ನೋಡಿದ್ದೆವು, ‘ದುಂಡಗಿನ, ಬಣ್ಣ ಬೇರೆ ಬೇರೆ’ ಎಂದು ಒಂದು ಸಾಲು ಬರೆದು ಬಿಟ್ಟಿದ್ದೆವು.

ಥಿನ್ ಸೆಕ್ಷನ್‌ಗೆ, ಅಂದರೆ ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಕಲ್ಲಿನ ಬಿಲ್ಲೆಗೆ ಮರಳಿದೆವು. ಬೆಣಚಿನ ಕಣದ ಸುತ್ತ ಬೆಣಚಿನ ಸಿಮೆಂಟೇ (ಕಣಗಳನ್ನು ಅಂಟಿಸುವ ಖನಿಜ) ಬೆಳೆಯುತ್ತದೆ, ನಡುವೆ ಧೂಳಿನ ತೆಳು ಗೆರೆಯೊಂದು ಹಳೆ ಅಂಚನ್ನು ತೋರಿಸುತ್ತದೆ. ಇದು ಎಲ್ಲ ಕಡೆ ಇರುವುದೇ. ಶ. ಹುಡುಕಿದ್ದು ಬೇರೆ: ಆ ಬೆಳೆದ ಸಿಮೆಂಟೇ ಸವೆದು ದುಂಡಾಗಿ, ಅದರ ಮೇಲೆ ಮತ್ತೊಂದು ಸಿಮೆಂಟು ಬೆಳೆದ ಕಣ. ಎರಡು ಧೂಳಿನ ಗೆರೆ, ಒಂದರೊಳಗೊಂದು. ಒಂದು ಸಲ ಕಲ್ಲಾಗಿ, ಒಡೆದು, ಉರುಳಿ, ಮತ್ತೆ ಕಲ್ಲಾದದ್ದಕ್ಕೆ ಇದಕ್ಕಿಂತ ನೇರ ಗುರುತು ಇಲ್ಲ. ಸಿಕ್ಕವು. ಹೆಚ್ಚಲ್ಲ, ಆದರೆ ಕೆಳಗಿನ ಮಾದರಿಗಳಲ್ಲಿ ಪ್ರತಿ ಸೆಕ್ಷನ್ನಿನಲ್ಲೂ ಸಿಕ್ಕವು. ಮೊದಲ ಕಣ ಸಿಕ್ಕ ದಿನ ಸಂಜೆ ಲ್ಯಾಬಿನ ಕರೆಂಟು ಹೋಗಿತ್ತು, ಅವಳು ಸ್ಲೈಡನ್ನು ಸ್ಟೇಜಿನಿಂದ ತೆಗೆಯದೆ ಕರೆಂಟು ಬರುವವರೆಗೂ ಕಾವಲು ಕೂತಿದ್ದಳು.

ಇಷ್ಟಕ್ಕೇ ‘ಎಲ್ಲ ಹಳೆ ಮರಳು’ ಎಂದು ಇನ್ನೊಂದು ನೇರ ಗೆರೆ ಎಳೆಯುವ ಅಪಾಯ ಇತ್ತು. ನಾನೂ ಅರ್ಧ ಎಳೆದಿದ್ದೆ. ತಡೆದದ್ದು ಮೇಲಿನ ನಾಲ್ಕು ಮಾದರಿಗಳ ಫೆಲ್ಡ್‌ಸ್ಪಾರ್. ಅಲ್ಲಿ ಮೈಕ್ರೋಕ್ಲೈನ್ ಎಂಬ ಫೆಲ್ಡ್‌ಸ್ಪಾರ್ ಇತ್ತು, ಲುಂಗಿಯ ಚೌಕಳಿಯ ಹಾಗೆ ಕಾಣುವ ಅಡ್ಡಗೆರೆಗಳು ಸ್ಪಷ್ಟವಾಗಿ, ಕೊಳೆಯದೆ, ಕೋನ ಕೋನವಾಗಿ. ಬಾಗಲಕೋಟೆ ಗುಂಪಿನ ಹರಳುಗಳಲ್ಲಿ ಫೆಲ್ಡ್‌ಸ್ಪಾರ್ ಇರಲೇ ಇಲ್ಲ. ಇಲ್ಲದ ಮನೆಯಿಂದ ಅದು ಬರಲು ಆಗದು. ಹಾಗಾಗಿ ಮೇಲಿನ ಭಾಗಕ್ಕೆ ಗ್ರಾನೈಟ್ ಅಥವಾ ನೈಸ್ ನೇರವಾಗಿ ಮರಳು ಕೊಟ್ಟಿದೆ. ಆ ಮಾದರಿಗಳ ಜಿರ್ಕಾನ್‌ಗಳನ್ನು ಮತ್ತೆ ನೋಡಿದಾಗ, ದುಂಡಗಿನವುಗಳ ನಡುವೆ ಚೂಪು ತುದಿಯ ಉದ್ದನೆಯ ಜಿರ್ಕಾನ್‌ಗಳೂ ಇದ್ದವು.

ಭಾರ ಖನಿಜದ ಪ್ರಾಜೆಕ್ಟಿಗೆ ಕೊನೆಯ ಉತ್ತರ ಕೊಟ್ಟದ್ದು ಬ್ರೋಮೋಫಾರ್ಮಿನಲ್ಲಿ ತೇಲಿ ಹೋಗುವ, ನಾವು ಬಿಸಾಡುತ್ತಿದ್ದ ಖನಿಜ.

ವಯಸ್ಸು ಅಳೆಸದೆ ಬಿಟ್ಟದ್ದು

ಎಲ್ಲರೂ ಕೇಳುವ ಪ್ರಶ್ನೆ ಇದು. ಜಿರ್ಕಾನ್ ವಯಸ್ಸು ಯಾಕೆ ನೋಡಿಸಲಿಲ್ಲ? ಯುರೇನಿಯಂ ಸೀಸವಾಗುವ ಲೆಕ್ಕದ ಮೇಲೆ, ಲೇಸರ್ ಹೊಡೆದು ಒಂದೊಂದು ಕಣದ ವಯಸ್ಸು ಹೇಳುವ ವಿಧಾನ ಈಗ ಎಲ್ಲ ಕಡೆ ಇದೆ. ದುಡ್ಡು ಒಂದು ಕಾರಣ, ಹೌದು. 5ರಷ್ಟು ಶೇಕಡಾ ಪಾಲಿರುವ ಯಾವ ಮೂಲವೂ ತಪ್ಪಿಹೋಗಿಲ್ಲ ಎಂದು 95 ಶೇಕಡಾ ಭರವಸೆ ಬೇಕಾದರೆ ಪ್ರತಿ ಮಾದರಿಗೆ 117 ಕಣ ಬೇಕು ಎಂದು ಫರ್ಮೀಶ್ 2004ರಲ್ಲಿ ಲೆಕ್ಕ ಹಾಕಿದ್ದಾರೆ. 11 ಮಾದರಿಗೆ ಗುಣಿಸಿ ನೋಡಿ.

ಆದರೆ ದುಡ್ಡಿದ್ದರೂ ನಾನು ಮೊದಲು ಅದನ್ನು ಮಾಡಿಸುತ್ತಿರಲಿಲ್ಲ. 252 ಕೋಟಿ ವರ್ಷದ ಒಂದು ಜಿರ್ಕಾನ್ ಸಿಕ್ಕಿತು ಎಂದುಕೊಳ್ಳಿ. ಅದು ಕ್ಲೋಸ್‌ಪೇಟೆ ಗ್ರಾನೈಟಿನಿಂದ ನೇರ ಬಂದಿರಬಹುದು. ಅಥವಾ ಅದೇ ಗ್ರಾನೈಟಿನಿಂದ ಹೊರಟು, ಬಾಗಲಕೋಟೆ ಗುಂಪಿನ ಮರಳಿನಲ್ಲಿ ಕೋಟ್ಯಂತರ ವರ್ಷ ಕೂತು, ಮತ್ತೆ ಎದ್ದು ಬಂದಿರಬಹುದು. ಎರಡಕ್ಕೂ ವಯಸ್ಸು 252 ಕೋಟಿಯೇ. ವಯಸ್ಸು ಹೊಲ ಹೇಳುತ್ತದೆ, ಸಂತೆ ಹೇಳುವುದಿಲ್ಲ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸುಮಾರು 300 ಕೋಟಿ ವರ್ಷದ ಕಾಂಗ್ಲೋಮರೇಟಿನೊಳಗೆ 440 ಕೋಟಿ ವರ್ಷದ ಜಿರ್ಕಾನ್ ಸಿಕ್ಕಿದೆ. ಅದು ಹುಟ್ಟಿದ ಕಲ್ಲು ಇವತ್ತು ಎಲ್ಲೂ ಕಂಡಿಲ್ಲ. ಕಣ ತನ್ನ ಕಲ್ಲಿಗಿಂತ ಜಾಸ್ತಿ ಬಾಳುತ್ತದೆ, ಎಷ್ಟು ಸಲ ಮನೆ ಬದಲಿಸಿತು ಎಂದು ಅದರ ವಯಸ್ಸಿನಲ್ಲಿ ಬರೆದಿರುವುದಿಲ್ಲ.

ನಮ್ಮ ಪ್ರಶ್ನೆ ದಾರಿಯದಾಗಿತ್ತು. ಅದಕ್ಕೆ ಹರಳು, ಸಿಮೆಂಟಿನ ಗೆರೆ, ಫೆಲ್ಡ್‌ಸ್ಪಾರ್ ಸಾಕಾಯಿತು. ಮುಂದೆ ಯಾರಾದರೂ ವಯಸ್ಸು ನೋಡಿಸುವುದಾದರೆ ಹರಳಿನ ಜಿರ್ಕಾನ್ ಮತ್ತು ಮೇಲಿನ ಪದರದ ಚೂಪು ಜಿರ್ಕಾನ್ ಎರಡನ್ನೂ ಪಕ್ಕಪಕ್ಕ ನೋಡಿಸಲಿ, ಆಗ ದುಡ್ಡಿಗೆ ಬೆಲೆ ಬರುತ್ತದೆ.

ವೈವಾ ಮತ್ತು ಆಮೇಲೆ

ಹೊರಗಿನ ಪರೀಕ್ಷಕರು ಸ್ವಲ್ಪ ಬಿಗಿಯವರು. ‘ಹಾಗಾದರೆ ಗ್ರಾನೈಟೋ ಕ್ವಾರ್ಟ್ಜೈಟೋ, ಒಂದು ಹೇಳಮ್ಮ’ ಎಂದರು.

‘ಕೆಳಗೆ ಹಳೆ ಮರಳುಗಲ್ಲಿಂದ ಬಂದದ್ದು ಜಾಸ್ತಿ ಸರ್, ಜೊತೆಗೆ ಶಿಸ್ಟ್ ಪಟ್ಟಿ. ಮೇಲೆ ಹೋದ ಹಾಗೆ ಗ್ರಾನೈಟ್ ಅಥವಾ ನೈಸ್ ಸೇರಿದೆ. ಕ್ವಾರ್ಟ್ಜೈಟ್ ಸಾಲು ಸವೆದು ಹೋದ ಮೇಲೆ ಅದರ ಹಿಂದಿನ ಗ್ರಾನೈಟ್ ತೆರೆದುಕೊಂಡಿರಬಹುದು.’

‘ಶೇಕಡಾ ಎಷ್ಟು?’

‘ಅದನ್ನು ಹೇಳಲಿಕ್ಕೆ ಆಗಲ್ಲ ಸರ್. ಕ್ವಾರ್ಟ್ಜೈಟ್ ಒಡೆದರೆ ಪೂರ್ತಿ ಬೆಣಚು ಮರಳೇ ಆಗುತ್ತೆ, ಶಿಸ್ಟ್ ಒಡೆದರೆ ಬಹುಪಾಲು ಮಣ್ಣಾಗಿ ಹೋಗುತ್ತೆ. ಮರಳಿನಲ್ಲಿ ಕಡಿಮೆ ಕಂಡದ್ದು ಗುಡ್ಡದಲ್ಲೂ ಕಡಿಮೆ ಇತ್ತು ಅಂತಲ್ಲ.’

ಅವರು ಮುಂದೆ ಕೇಳಲಿಲ್ಲ. ಇನ್ನೊಂದು ಬೇಲಿಯನ್ನು ಅವಳು ಪ್ರಬಂಧದಲ್ಲೇ ಹಾಕಿದ್ದಳು. ಕೊಪ್ಪಳದ ಹಳ್ಳದ ಮರಳಿನ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು ಅಂತ. ಬಾದಾಮಿ ಕಲ್ಲು ಪ್ರೊಟೆರೊಝೋಯಿಕ್ ಕಾಲದ್ದು, ಅಂದರೆ 54 ಕೋಟಿ ವರ್ಷಕ್ಕೂ ಹಿಂದಿನದು. ಆಗ ನೆಲದ ಮೇಲೆ ಹುಲ್ಲೂ ಇಲ್ಲ, ಮರವೂ ಇಲ್ಲ. ಬೇರು ಹಿಡಿಯದ ಮಣ್ಣು, ದಂಡೆ ನಿಲ್ಲದ ನದಿ. ಇವತ್ತಿನ ಹಳ್ಳ ಆ ನದಿಗೆ ಸರಿಸಾಟಿ ಅಲ್ಲ.

ಈ ಪ್ರಕರಣದಿಂದ ನಾನು ಈಗ ಬದಲಿಸಿರುವ ಕೆಲವು ಪದ್ಧತಿ ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಮೊದಲ ಕರಡಿನಲ್ಲಿ ಇರುವ ಖನಿಜಗಳ ಪಟ್ಟಿಯ ಪಕ್ಕದಲ್ಲೇ ಇಲ್ಲದ ಖನಿಜಗಳ ಪಟ್ಟಿ ಬರೆಸುತ್ತೇನೆ. ಪ್ರತಿಯೊಂದರ ಮುಂದೆ ಅದು ಎಲ್ಲಿ ಸತ್ತಿರಬಹುದು ಅಂತಲೂ: ಮೂಲದಲ್ಲೋ, ನದಿಯಲ್ಲೋ, ಹೂತ ಮೇಲೋ, ಜರಡಿಯಲ್ಲೋ, ಬೀಕರಿನಲ್ಲೋ. ಕೊನೆಯ ಎರಡನ್ನು ಮೊದಲು ನೋಡಬೇಕು. ಜರಡಿ ಅಂದದ್ದು ಸುಮ್ನೆ ಅಲ್ಲ. ಜಿರ್ಕಾನಿನ ಸಾಂದ್ರತೆ 4.6ರ ಮೇಲೆ, ಟೂರ್ಮಲೀನಿನದು 3ರ ಆಸುಪಾಸು. ಒಂದೇ ಹರಿವಿನಲ್ಲಿ ಸಣ್ಣ ಜಿರ್ಕಾನ್ ದೊಡ್ಡ ಟೂರ್ಮಲೀನ್ ಜೊತೆ ಕೂರುತ್ತದೆ. ನಾವು ತೆಗೆದುಕೊಂಡ 63ರಿಂದ 125ರ ಕಿಟಕಿಯಲ್ಲಿ ಒಂದು ಜಾಸ್ತಿ, ಇನ್ನೊಂದು ಕಡಿಮೆ ಕಂಡಿದ್ದರೆ ಅದರಲ್ಲಿ ಸ್ವಲ್ಪ ಪಾಲು ಕಿಟಕಿಯದೇ. ಆಮೇಲೆ, ಖಣಿಗೆ ಹೋದರೆ ಕೆಲಸದವರು ಯಾವ ಪದರ ಬಿಟ್ಟಿದ್ದಾರೆ ಎಂದು ಕೇಳಿಸುತ್ತೇನೆ.

ಆಮ್ಲದ ಬಾಟಲಿ ಲ್ಯಾಬಿನಲ್ಲಿ ಈಗಲೂ ಇದೆ, ಅಪಟೈಟ್ ಬೇಡದವರಿಗೆ. ಕ್ರಷರಿನ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಯಾರು, ಯಾವತ್ತು, ಯಾವ ಕಲ್ಲು ಒಡೆದರು ಎಂದು ಬರೆಯಲು. ಮೊದಲ ಸಾಲು ಶ.ಳ ಕೈಬರಹದ್ದು: ‘ಬರಿ ಬೆಣಚು, 1 ಕೆಜಿ. ಗಾರ್ನೆಟ್ ಸಿಕ್ಕಿದೆ.’